ಪದಚರ್ಚೆ: ಡ್ರೈವ್‌ನಲ್ಲಿ ಬೇಡದ ಫೈಲ್ ಬಂದಾಗ ‘ತೆಗೆ’, ‘ತಡೆ’, ‘ನಿರ್ಬಂಧ’ ಯಾವುದಕ್ಕೆ ಯಾವುದು?

ಎಲ್ಲರಿಗೂ ನಮಸ್ಕಾರ.

ಗದಗದಲ್ಲಿ ನಿವೃತ್ತ ಮಾಸ್ತರರು ಮತ್ತು ಅಕ್ಕೋರು ಸೇರಿಕೊಂಡ ಒಂದು ಸಣ್ಣ ಬಳಗವಿದೆ. ಪಿಂಚಣಿ ಕಾಗದ, ಸಭೆಯ ಲೆಕ್ಕ, ಹಳೆಯ ಶಾಲೆಯ ಫೋಟೊ ಎಲ್ಲವನ್ನೂ ಅವರು ಈಗ ಗೂಗಲ್ ಡ್ರೈವ್‌ನಲ್ಲಿ ಇಡುತ್ತಾರೆ. ಅವರಿಗಾಗಿ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಗುರುತಿಲ್ಲದವರು ಡ್ರೈವ್ ಮೂಲಕ ಯಾವುದೋ ಫೈಲ್ ನೂಕಿದರೆ ಏನು ಮಾಡಬೇಕು, ಅದಷ್ಟೇ ವಿಷಯ. ಮಾಡಬೇಕಾದ ಕೆಲಸ ಸುಲಭ. ಅದನ್ನು ಹೇಳುವ ಕ್ರಿಯಾಪದಗಳಲ್ಲೇ ತೊಡಕು. ನಿಮ್ಮ ಸಲಹೆ ಬೇಕು.

ಮೊದಲು ‘ತೆಗೆ’.

“ಅಪರಿಚಿತರ ಫೈಲ್ ತೆಗೆಯಬೇಡಿ” ಎಂಬ ಸಾಲನ್ನು ನೋಡಿ. ಓದಿದ ಒಬ್ಬ ಅಕ್ಕೋರು ಕೇಳಿದರು: “ತಗೀಬ್ಯಾಡ್ರಿ ಅಂದ್ರ ಅದು ಅಲ್ಲೇ ಬಿದ್ದಿರ್ಲೇನ್ರಿ?” ಅವರು ಕೇಳಿದ್ದು ಪೂರ್ತಿ ಸರಿ. ನಮ್ಮ ಕಡೆ ‘ಬಾಗಲಾ ತಗಿ’ ಅಂದರೆ ಬಾಗಿಲು ತೆರೆ. ‘ಕಸಾ ತಗಿ’ ಅಂದರೆ ಕಸ ಆಚೆ ಹಾಕು. ಒಂದೇ ಪದ, ಎರಡು ಕೆಲಸ. ಬಾಗಿಲು, ಕಸ ಅನ್ನುವಾಗ ಗೊಂದಲವೇ ಇಲ್ಲ, ಏಕೆಂದರೆ ಕಸವನ್ನು ಯಾರೂ ತೆರೆಯುವುದಿಲ್ಲ, ಬಾಗಿಲನ್ನು ದಿನಾ ಕಿತ್ತು ಹಾಕುವುದಿಲ್ಲ. ಫೈಲ್ ಹಾಗಲ್ಲ. ಅದನ್ನು ತೆರೆಯಲೂಬಹುದು, ಕಿತ್ತುಹಾಕಲೂಬಹುದು. ಈ ಕೈಪಿಡಿಯಲ್ಲಿ ಒಂದು ಮಾಡಲೇಬಾರದ್ದು, ಇನ್ನೊಂದು ಮಾಡಲೇಬೇಕಾದದ್ದು. ಎರಡಕ್ಕೂ ಒಂದೇ ಪದ ಬಿದ್ದರೆ ಓದುವವರು ಉಲ್ಟಾ ಮಾಡುತ್ತಾರೆ.

‘ತೆಗೆ’ಗೆ ಎಳೆ, ಸೆಳೆ ಎಂಬ ಹಳೆಯ ಅರ್ಥವಿದೆ. ಎರಡೂ ಬಳಕೆ ಅಲ್ಲಿಂದಲೇ ಕವಲೊಡೆದಿರಬೇಕು ಅನ್ನಿಸುತ್ತದೆ. ಅಗಳಿ ಎಳೆದರೆ ಬಾಗಿಲು ತೆರೆಯುತ್ತದೆ, ಮುಳ್ಳು ಎಳೆದರೆ ಕಾಲಿನಿಂದ ಹೊರಗೆ ಬರುತ್ತದೆ. ಹಾಗಾಗಿ ಇದು ಯಾರದೋ ತಪ್ಪು ಬಳಕೆಯಲ್ಲ, ತಿದ್ದಬೇಕಾದ್ದೂ ಅಲ್ಲ. ಆದರೆ ಸೂಚನೆ ಬರೆಯುವವರು ಇಲ್ಲಿ ಹುಷಾರಾಗಿರಬೇಕು.

ಕಿತ್ತುಹಾಕುವುದಕ್ಕೆ ‘ತೆಗೆದುಹಾಕು’ ಸಾಕು. ‘ಹಾಕು’ ಸೇರಿದ ಕೂಡಲೇ ತೆರೆಯುವ ಅರ್ಥ ಹೊರಟುಹೋಗುತ್ತದೆ. ಮಾತಿನಲ್ಲೂ ‘ತಗದು ಹಾಕ್ರಿ’ ಸಹಜ. ಕಷ್ಟ ಇರುವುದು ಇನ್ನೊಂದು ಕಡೆ. ‘ತೆರೆಯಬೇಡಿ’ ಎಂದು ಬರೆದರೆ ಅರ್ಥವಾಗುತ್ತದೆ, ನಿಜ. ಆದರೆ ನಮ್ಮ ಮಾತಿನಲ್ಲಿ ‘ತೆರೆ’ ಅಪರೂಪ. ಅದು ಪುಸ್ತಕದ ಪದವಾಗಿಯೇ ಕಿವಿಗೆ ಬೀಳುತ್ತದೆ. ‘ಒಡೆ’ ಒಂದಿದೆ: ‘ಪಾಕೀಟು ಒಡೆದು ಓದು’ ಅಂತ ಹಿರಿಯರು ಅನ್ನುತ್ತಾರೆ. ಚೆಂದದ ಬಳಕೆ. ಆದರೆ ‘ಫೈಲ್ ಒಡೆಯಬೇಡಿ’ ಅಂದರೆ ಅದು ಮುರಿಯುವ ವಸ್ತು ಅನ್ನಿಸುತ್ತದೆ. ‘ಓಪನ್ ಮಾಡಬೇಡಿ’ ಅಂದರೆ ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯುತ್ತದೆ. ನನಗೆ ಆ ಪದದ ಮೇಲೆ ಸಿಟ್ಟಿಲ್ಲ. ಒಳ್ಳೆಯ ಕನ್ನಡ ಪದ ಸಿಗುವುದಾದರೆ ಅದನ್ನೇ ಹಾಕುವ ಆಸೆ, ಅಷ್ಟೇ.

ಇನ್ನು ‘ತೆಗೆದುಹಾಕು’ ಮತ್ತು ‘ಅಳಿಸು’. ಇವೆರಡನ್ನು ಸುಮ್ನೆ ಅದಲು ಬದಲು ಮಾಡುವ ಹಾಗಿಲ್ಲ. ಡ್ರೈವ್‌ನಲ್ಲಿ ಬೇರೆಯವರು ಹಂಚಿದ ಫೈಲ್ ನಿಜವಾಗಿ ನಮ್ಮ ಬಳಿಗೆ ಬರುವುದೇ ಇಲ್ಲ. ಅದು ಅವರ ಜಾಗದಲ್ಲೇ ಇರುತ್ತದೆ. ನಮಗೆ ಅದನ್ನು ನೋಡುವ ದಾರಿ ಮಾತ್ರ ಸಿಕ್ಕಿರುತ್ತದೆ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಜಾಗದಲ್ಲಿ ಅದರ ಲೆಕ್ಕ ಬೀಳುವುದು ಮಾಲೀಕರ ಖಾತೆಗೆ, ನಮ್ಮದಕ್ಕಲ್ಲ. “ಯಾರೋ ಏನೇನೋ ಕಳಿಸಿ ನನ್ನ ಜಾಗಾ ತುಂಬಿಸ್ಯಾರ” ಎಂದು ಬಳಗದ ಕೆಲವರು ಗಾಬರಿಯಾಗಿದ್ದರು. ಆ ಗಾಬರಿಗೆ ಕಾರಣವಿಲ್ಲ. ಡ್ರಾಪ್‌ಬಾಕ್ಸ್‌ನ ಪುಕ್ಕಟೆ ಖಾತೆಯಲ್ಲಿ ಮಾತ್ರ ಬೇರೆ ಪದ್ಧತಿ. ಅಲ್ಲಿ ಹಂಚಿದ ಫೋಲ್ಡರನ್ನು ನಮ್ಮ ಖಾತೆಗೆ ಸೇರಿಸಿಕೊಂಡರೆ ಅದು ನಮ್ಮ 2 ಜಿಬಿಯಲ್ಲೂ ಜಾಗ ಹಿಡಿಯುತ್ತದೆ.

ಹಾಗಾಗಿ ಡ್ರೈವ್‌ನಲ್ಲಿ ಇನ್ನೊಬ್ಬರ ಫೈಲನ್ನು ನಾವು ತೆಗೆದುಹಾಕಿದರೆ ಅದು ನಮ್ಮ ಪಟ್ಟಿಯಿಂದ ಮಾತ್ರ ಹೋಗುತ್ತದೆ. ಫೈಲ್ ಇದ್ದಲ್ಲೇ ಇರುತ್ತದೆ. ಹಳೆಯ ಮೇಲ್‌ನಲ್ಲಿರುವ ಕೊಂಡಿ ಒತ್ತಿದರೆ ಮತ್ತೆ ಎದುರಿಗೆ ಬರುತ್ತದೆ. ನಮ್ಮದೇ ಫೈಲ್ ಆದರೆ ಮೊದಲು ಕಸದ ಬುಟ್ಟಿಗೆ ಹೋಗಿ, 30 ದಿನದ ಮೇಲೆ ಶಾಶ್ವತವಾಗಿ ಅಳಿಯುತ್ತದೆ. 2020ರ ಅಕ್ಟೋಬರ್‌ವರೆಗೆ ನಾವೇ ಬುಟ್ಟಿ ಖಾಲಿ ಮಾಡುವ ತನಕ ಅಲ್ಲೇ ಇರುತ್ತಿತ್ತು, ಈಗ ತಾನಾಗಿಯೇ ಹೋಗುತ್ತದೆ. ಇದಕ್ಕೆ ‘ಅಳಿಸು’ ಸರಿ. ಮೊದಲನೆಯದಕ್ಕೆ ‘ಪಟ್ಟಿಯಿಂದ ತೆಗೆದುಹಾಕು’ ಎಂದು ಪೂರ್ತಿಯಾಗಿ ಬರೆಯುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಒಂದು ಪದ ಜಾಸ್ತಿ ಆದರೂ ಪರವಾಗಿಲ್ಲ. ‘ಅಳಿಸಿದೆ’ ಎಂದು ನಂಬಿದವರು ಕಾಟ ತಪ್ಪಿತು ಅಂದುಕೊಳ್ಳುತ್ತಾರೆ. ಅದು ತಪ್ಪಿರುವುದಿಲ್ಲ.

ಈಗ ಮುಖ್ಯ ಪ್ರಶ್ನೆ, ‘ಬ್ಲಾಕ್’.

ಇದು ಡ್ರೈವ್‌ಗೆ ಬಂದದ್ದು 2021ರಲ್ಲಿ. ಅದಕ್ಕೂ ಮೊದಲು ಯಾರಿಗೆ ನಮ್ಮ ಜೀಮೇಲ್ ವಿಳಾಸ ಗೊತ್ತೋ ಅವರು ನಮ್ಮನ್ನು ಕೇಳದೆ ಏನು ಬೇಕಾದರೂ ಹಂಚಬಹುದಿತ್ತು. ಅವರನ್ನು ನಿಲ್ಲಿಸುವ ಗುಂಡಿಯೇ ಇರಲಿಲ್ಲ. ಈಗಲೂ ಕೇಳದೆ ಹಂಚಬಹುದು, ಆದರೆ ಒಮ್ಮೆ ಬಂದ ಮೇಲೆ ಆ ವ್ಯಕ್ತಿಯನ್ನು ತಡೆಯಬಹುದು. ಹೊಸ ವಿಳಾಸ ಮಾಡಿಕೊಂಡು ಬರುವವರಿಗೆ ಇದು ಪೂರ್ತಿ ಉತ್ತರವಲ್ಲ, ಅದನ್ನು ಕೈಪಿಡಿಯಲ್ಲಿ ಬರೆದಿದ್ದೇನೆ.

‘ತಡೆಯಬಹುದು’ ಎಂದು ವಾಕ್ಯದಲ್ಲಿ ಸಲೀಸಾಗಿ ಬರೆದೆ. ಗುಂಡಿಯ ಮೇಲೆ ‘ತಡೆಯಿರಿ’ ಎಂದು ಬರೆದು ನೋಡಿ. ಧಾರವಾಡದಲ್ಲಿ ‘ತಡೀರಿ’ ಅಂದರೆ ಸ್ವಲ್ಪ ನಿಲ್ಲಿ, ಕಾಯಿರಿ ಎಂದರ್ಥ. ‘ತಡೀರಿ, ಚಾ ತರ್ತೀನಿ.’ ಮೊಬೈಲ್ ಪರದೆಯಲ್ಲಿ ‘ದಯವಿಟ್ಟು ಕಾಯಿರಿ’ ಎಂಬ ಮಾತು ಬರುವುದು ಎಲ್ಲರಿಗೂ ರೂಢಿ. ‘ತಡೆಯಿರಿ’ ಕಂಡವರು ಗುಂಡಿ ಒತ್ತದೆ ಕಾಯುತ್ತಾ ಕೂರಬಹುದು. ಬಳಗದ ಹಿರಿಯರ ಮಟ್ಟಿಗೆ ಇದು ದೂರದ ಮಾತೇನಲ್ಲ.

‘ನಿರ್ಬಂಧಿಸಿ’ ಎಂದರೆ ಆ ತೊಂದರೆ ಇಲ್ಲ. ಎಷ್ಟೋ ಕಡೆ ಬ್ಲಾಕ್‌ಗೆ ಅದನ್ನೇ ಬರೆಯುತ್ತಾರೆ. ಆದರೆ ಅದು ಸರಿಯಾದ ಪದ ಅಂತ ನನಗೆ ಅನ್ನಿಸುವುದಿಲ್ಲ. ಎರಡು ಕಾರಣ ಹೇಳುತ್ತೇನೆ.

ನಿರ್ಬಂಧ ಅಂದರೆ ಮಿತಿ. ‘ಭಾರಿ ವಾಹನ ಸಂಚಾರಕ್ಕೆ ನಿರ್ಬಂಧ’ ಅಂದರೆ ಬೈಕು, ಕಾರು ಹೋಗಬಹುದು. ಪೂರ್ತಿ ಬಂದ್ ಅಲ್ಲ. ಲಾಕ್‌ಡೌನ್ ಕಾಲದಲ್ಲೂ ‘ನಿರ್ಬಂಧ ಸಡಿಲಿಕೆ’ ಎಂಬ ಮಾತನ್ನು ದಿನಾ ಕೇಳಿದೆವು. ಸಡಿಲ ಮಾಡಬಹುದಾದದ್ದು, ಹೆಚ್ಚು ಕಡಿಮೆ ಮಾಡಬಹುದಾದದ್ದು ನಿರ್ಬಂಧ. ಡ್ರೈವ್‌ನ ಬ್ಲಾಕ್‌ನಲ್ಲಿ ಹೆಚ್ಚು ಕಡಿಮೆ ಇಲ್ಲ. ಉಂಟು, ಇಲ್ಲವೇ ಇಲ್ಲ.

ಇನ್ನೊಂದು, ಡ್ರೈವ್‌ನಲ್ಲೇ ಬೇರೆ ಒಂದು ಜಾಗಕ್ಕೆ ‘ನಿರ್ಬಂಧ’ ಬೇಕಾಗಿದೆ. ನಮ್ಮ ಫೈಲನ್ನು ಹಂಚುವಾಗ ಎರಡು ಆಯ್ಕೆ ಸಿಗುತ್ತವೆ. ಕೊಂಡಿ ಸಿಕ್ಕ ಯಾರು ಬೇಕಾದರೂ ನೋಡಬಹುದು, ಅಥವಾ ನಾವು ಹೆಸರು ಸೇರಿಸಿದವರು ಮಾತ್ರ ನೋಡಬಹುದು. ಈ ಎರಡನೆಯದೇ ನಿಜವಾದ ನಿರ್ಬಂಧ. ಅದು ಫೈಲ್‌ನ ಗುಣ. ಬ್ಲಾಕ್ ವ್ಯಕ್ತಿಗೆ ಸಂಬಂಧಿಸಿದ್ದು. ಎರಡಕ್ಕೂ ಒಂದೇ ಪದ ಹಾಕಿದರೆ, ಪಿಂಚಣಿ ಕಾಗದಕ್ಕೆ ‘ನಿರ್ಬಂಧ’ ಇಡಿ ಎಂದು ನಾವು ಹೇಳಿದಾಗ ಓದುವವರು ಯಾರನ್ನೋ ಬ್ಲಾಕ್ ಮಾಡಿ ಬಂದಾರು.

ಹಾಗೆ ಬ್ಲಾಕ್ ಮಾಡಿದರೆ ಆಗುವುದೇನು? ಅವರು ಹಂಚಿದ ಎಲ್ಲ ಫೈಲೂ ನಮ್ಮ ಡ್ರೈವ್‌ನಿಂದ ಹೋಗುತ್ತವೆ. ಮುಂದೆ ಅವರು ನಮಗೆ ಹಂಚಲಾರರು. ನಾವೂ ಅವರಿಗೆ ಹಂಚಲಾರೆವು. ಈ ಹಿಂದೆ ನಾವು ಅವರಿಗೆ ಕೊಟ್ಟಿದ್ದ ಫೈಲುಗಳೂ ಅವರಿಗೆ ಸಿಗುವುದಿಲ್ಲ. ಜೀಮೇಲ್‌ನಲ್ಲಿ ಹೀಗಲ್ಲ. ಅಲ್ಲಿ ಬ್ಲಾಕ್ ಮಾಡಿದವರ ಮೇಲ್ ಸ್ಪ್ಯಾಮ್‌ಗೆ ಹೋಗಿ ಬೀಳುತ್ತದೆ, ಅಷ್ಟೇ. ಜೀಮೇಲ್ ರೂಢಿಯಲ್ಲಿ ಇರುವವರು ಡ್ರೈವ್‌ನಲ್ಲೂ ಅಷ್ಟೇ ಅಂದುಕೊಂಡು, ದಿನಾ ಬೆಳಿಗ್ಗೆ ದೇವರ ಚಿತ್ರ ಹಂಚುವ ಹಳೆಯ ಗೆಳೆಯರನ್ನು ಬ್ಲಾಕ್ ಮಾಡಿದರು ಅಂತಿಟ್ಟುಕೊಳ್ಳಿ. ಆ ಗೆಳೆಯರೇ ಬಳಗದ ಖಜಾಂಚಿ ಆಗಿದ್ದರೆ, ಅವರು ಹಂಚಿದ್ದ ಸಭೆಯ ಲೆಕ್ಕವೂ ಆ ಕ್ಷಣಕ್ಕೇ ಕೈ ತಪ್ಪುತ್ತದೆ. ದೇವರ ಚಿತ್ರಕ್ಕೆ ಪಟ್ಟಿಯಿಂದ ತೆಗೆದುಹಾಕುವುದೇ ಸಾಕಿತ್ತು, ಅಲ್ವಾ?

ಎರಡೂ ಕಡೆಯಿಂದ ನಿಲ್ಲುವ ಈ ಗುಣಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಪದ ಆಗಲೇ ಇದೆ: ರಸ್ತೆ ತಡೆ. ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ರಸ್ತೆ ತಡೆ ಆದರೆ ಆ ಕಡೆಯಿಂದ ಬರುವವರೂ ಇಲ್ಲ, ಈ ಕಡೆಯಿಂದ ಹೋಗುವವರೂ ಇಲ್ಲ. ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ‘ತಡೆ’ ನಾಮಪದ, ಕಾಯುವ ಅರ್ಥ ಹತ್ತಿರವೂ ಸುಳಿಯುವುದಿಲ್ಲ. ಕೋರ್ಟಿನ ‘ತಡೆಯಾಜ್ಞೆ’ಯೂ ಹಾಗೇ. ಹೈಕೋರ್ಟಿನ ಪೀಠ 2008ರಲ್ಲಿ ಧಾರವಾಡಕ್ಕೆ ಬಂದ ಮೇಲೆ ಈ ಭಾಗದ ಪತ್ರಿಕೆಗಳಲ್ಲಿ ಆ ಪದಕ್ಕೇನೂ ಬರವಿಲ್ಲ, ಮಾತಿನಲ್ಲಿ ‘ಸ್ಟೇ’ ಅಂದರೂ ಓದಿದಾಗ ಜನಕ್ಕೆ ತಿಳಿಯುತ್ತದೆ.

ಆದ್ದರಿಂದ ನನ್ನ ಸೂಚನೆ ಹೀಗಿದೆ. ಬ್ಲಾಕ್‌ಗೆ ‘ತಡೆ ಹಾಕು’. ಅನ್‌ಬ್ಲಾಕ್‌ಗೆ ‘ತಡೆ ತೆರವು ಮಾಡು’. ರಸ್ತೆ ತಡೆಯೂ ತೆರವಾಗುತ್ತದೆ, ತಡೆಯಾಜ್ಞೆಯೂ ತೆರವಾಗುತ್ತದೆ, ಹಾಗಾಗಿ ಜೋಡಿ ಸಹಜವಾಗಿ ಬರುತ್ತದೆ. ‘ತಡೆ ತೆಗೆ’ ಎಂದೂ ಅನ್ನಬಹುದು, ಆದರೆ ‘ತೆಗೆ’ಯ ಮೇಲೆ ಆಗಲೇ ಹೊರೆ ಜಾಸ್ತಿ ಇದೆ. ಮತ್ತೆ, ಯಾವಾಗಲೂ ‘ಇವರಿಗೆ ತಡೆ ಹಾಕು’ ಎಂದು ವ್ಯಕ್ತಿಯನ್ನು ಸೇರಿಸಿಯೇ ಬರೆಯಬೇಕು. ‘ಫೈಲಿಗೆ ತಡೆ’ ಎಂದು ಬರೆಯಬಾರದು. ಆಗ ವಿಭಕ್ತಿಯೇ ಅರ್ಧ ಪಾಠ ಹೇಳಿಬಿಡುತ್ತದೆ.

‘ಹಂಚಿಕೊಳ್ಳು’ ಬಗ್ಗೆಯೂ ಒಂದು ಮಾತು. ಹಂಚಿಕೊಂಡು ತಿನ್ನುತ್ತೇವೆ, ಕಷ್ಟಸುಖ ಹಂಚಿಕೊಳ್ಳುತ್ತೇವೆ. ಆ ‘ಕೊಳ್ಳು’ವಿನಲ್ಲಿ ಬಳಕೆ ಇದೆ, ಸಲುಗೆ ಇದೆ. ‘ಇಂಥವರು ನಿಮ್ಮೊಂದಿಗೆ ಒಂದು ಫೈಲ್ ಹಂಚಿಕೊಂಡಿದ್ದಾರೆ’ ಎಂಬ ಸೂಚನೆ ಓದಿದ ಹಿರಿಯರು, ಯಾರೋ ಗುರುತಿನವರೇ ಇರಬೇಕು, ಹಳೆಯ ವಿದ್ಯಾರ್ಥಿ ಇರಬೇಕು ಅಂದುಕೊಂಡು ಒತ್ತುತ್ತಾರೆ. ಮೋಸಗಾರರಿಗೆ ಬೇಕಾಗಿರುವುದೂ ಅದೇ. ಸೂಚನೆ ಗೂಗಲ್ ಹೆಸರಲ್ಲೇ ಬರುವುದರಿಂದ ನಂಬಿಕೆ ಇನ್ನಷ್ಟು. ಡಾಕ್ಯುಮೆಂಟಿನ ಕಾಮೆಂಟಿನಲ್ಲಿ ನಮ್ಮ ವಿಳಾಸ ಬರೆದು ಸೂಚನೆ ಬರುವಂತೆ ಮಾಡುವ ಚಾಳಿಯೂ ಇದೆ.

ನಮ್ಮ ಗೆಳೆಯರ ನಡುವೆ ‘ಹಂಚಿಕೊಳ್ಳು’ ಇರಲಿ. ಬ್ಯಾಡಗಿಯ ಅಡತಿ ಅಂಗಡಿಯವರು ಮೆಣಸಿನಕಾಯಿ ದರದ ಪಟ್ಟಿಯನ್ನು ‘ಶೇರ್ ಮಾಡೀನಿ ನೋಡ್ರಿ’ ಅನ್ನುತ್ತಾರೆ, ಅದೂ ಇರಲಿ. ಗುರುತಿಲ್ಲದವರ ವಿಷಯ ಹೇಳುವಾಗ ಮಾತ್ರ ‘ನಿಮಗೆ ತೋರಿಸಲು ಬಿಟ್ಟಿದ್ದಾರೆ’ ಎಂಬ ರೀತಿಯ ಮಾತು ಹಾಕೋಣವೇ ಅಂತ ಯೋಚಿಸುತ್ತಿದ್ದೇನೆ. ಉದ್ದವಾಯಿತು, ಗೊತ್ತು. ಆದರೆ ಅದು ಸಲುಗೆ ಬೆಳೆಸುವುದಿಲ್ಲ. ಫೈಲ್ ಅವರಲ್ಲೇ ಇದೆ ಅನ್ನುವ ನಿಜವನ್ನೂ ಹೇಳುತ್ತದೆ.

ಸ್ಪ್ಯಾಮ್ ಬಗ್ಗೆ ಚಿಕ್ಕದಾಗಿ. 2023ರಲ್ಲಿ ಡ್ರೈವ್‌ಗೆ ಸ್ಪ್ಯಾಮ್ ಎಂಬ ಬೇರೆ ವಿಭಾಗ ಬಂತು. ಇನ್ನೊಬ್ಬರ ಬೇಡದ ಫೈಲನ್ನು ಅಲ್ಲಿಗೆ ಹಾಕಿದರೆ ಅದರ ಬಗ್ಗೆ ಸೂಚನೆಗಳು ನಿಲ್ಲುತ್ತವೆ, 30 ದಿನದ ಮೇಲೆ ನಮ್ಮ ಕಣ್ಣಿಗೆ ಬೀಳುವುದೂ ನಿಲ್ಲುತ್ತದೆ. ಕಸದ ಬುಟ್ಟಿಗೂ 30 ದಿನ, ಇದಕ್ಕೂ 30 ದಿನ, ಹಾಗಾಗಿ ಜನ ಎರಡನ್ನೂ ಒಂದೇ ಅನ್ನುತ್ತಾರೆ. ಆದರೆ ಬುಟ್ಟಿ ನಮ್ಮ ಕಸಕ್ಕೆ, ಇದು ಇನ್ನೊಬ್ಬರು ನಮ್ಮ ಅಂಗಳಕ್ಕೆ ಎಸೆದ ಕಸಕ್ಕೆ. ‘ಕಾಟದ ಫೈಲು’ ಎಂಬ ಮಾತು ಬಳಗದಲ್ಲಿ ತಾನಾಗಿ ಹುಟ್ಟಿದೆ. ನನಗದು ಇಷ್ಟ. ಆ ವಿಭಾಗಕ್ಕೆ ‘ಕಾಟ’ ಎಂದಷ್ಟೇ ಬರೆದರೆ ನಡೆದೀತೇ?

ಹಾಗೆಯೇ ‘ಫೈಲ್’ಗೆ ‘ಕಡತ’ ಬೇಕೇ ಎಂದು ಯಾರಾದರೂ ಕೇಳಬಹುದು. ಕಪ್ಪು ಲೇಪದ ಬಟ್ಟೆಯ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಡತದ ಹೆಸರು ಅದು, ಒಳ್ಳೆಯ ಪದ. ಆದರೆ ಈ ಓದುಗರಿಗೆ ಕಡತ ಅಂದರೆ ಸರ್ಕಾರಿ ಕಚೇರಿಯಲ್ಲಿ ಸರಿಯದೆ ಕುಳಿತ ಕಾಗದದ ಕಟ್ಟು. ಅಲ್ಲಿ ನಾನು ‘ಫೈಲ್’ ಬಿಡುವುದಿಲ್ಲ.

ಹಾಗಾಗಿ ಉಳಿದ ಪ್ರಶ್ನೆಗಳು ಮೂರು. ‘ತಡೆ ಹಾಕು’ ನಿಮ್ಮ ಕಿವಿಗೆ ಸರಿ ಅನ್ನಿಸುತ್ತದೆಯೇ, ಅಥವಾ ಅದಕ್ಕೂ ಏನಾದರೂ ಬೇರೆ ಅರ್ಥ ನಿಮ್ಮ ಊರಲ್ಲಿ ಇದೆಯೇ? ‘ಕಾಟ’ ಅಚ್ಚಿನಲ್ಲಿ ನಿಲ್ಲುತ್ತದೆಯೇ? ಇನ್ನು ‘ತೆಗೆ’ ವಿಷಯದಲ್ಲಿ ಹಾವೇರಿ, ರಾಣೆಬೆನ್ನೂರು, ಹಾನಗಲ್ಲ ಕಡೆಯವರನ್ನು ವಿಶೇಷವಾಗಿ ಕೇಳುತ್ತಿದ್ದೇನೆ. ಮನೆಯಲ್ಲಿ ಅಜ್ಜಿಗೆ ‘ಈ ಫೈಲ್ ಓಪನ್ ಮಾಡಬೇಡ’ ಎಂದು ಹೇಳಬೇಕಾದರೆ, ‘ಓಪನ್’ ಬಿಟ್ಟು ನೀವು ಏನನ್ನುತ್ತೀರಿ? ಪುಸ್ತಕದ ಪದ ಬೇಡ, ಮನೆಯಲ್ಲಿ ನಿಮ್ಮ ಬಾಯಿಗೆ ಬರುವುದನ್ನೇ ಬರೆಯಿರಿ.