5 ಕಿಲೋ ಸಾಸ್ ಚೆನ್ನಾಗಿ ಬರುತ್ತದೆ, 500 ಕಿಲೋ ಕೆಡುತ್ತದೆ. ಅನುಭವ ಇದ್ದವರು ಹೇಳಿ

ಕೇಳಿದವರು

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಟೊಮೆಟೊ ಸಾಸ್ ಮಾಡಿ ಮಾರುತ್ತಿದ್ದೇನೆ. ಒಂದು ಸಲಕ್ಕೆ 5 ಕಿಲೋ. ಬೇಡಿಕೆ ಜಾಸ್ತಿ ಆಯಿತು ಅಂತ ಒಂದು ಫ್ಯಾಕ್ಟರಿಯಲ್ಲಿ 500 ಕಿಲೋ ಟ್ರಯಲ್ ಮಾಡಿಸಿದೆ. ಎಲ್ಲವನ್ನೂ ನೂರರಿಂದ ಗುಣಿಸಿ ಕೊಟ್ಟಿದ್ದೆ. ನಾನು ಮಾಡುವ ಹಾಗೇ 40 ನಿಮಿಷ ಕುದಿಸಿ ಅಂದೆ. ನೀರುನೀರಾಗಿತ್ತು. ಇನ್ನೂ ಒಂದೂವರೆ ಗಂಟೆ ಕುದಿಸಿದರು. ಆಗ ಬಣ್ಣ ಕಂದು, ಮಸಾಲೆಯ ಘಮ ಮಾಯ. ಸಾಲದ್ದಕ್ಕೆ, ಸ್ಟೀಮ್‌ನಿಂದ ಕಾಯಿಸುವ ಅವರ ದೊಡ್ಡ ಕೆಟಲ್‌ನಲ್ಲಿ ಗಟ್ಟಿಯಾಗಿದ್ದದ್ದು ಬಾಟಲಿಗೆ ಬರುವಷ್ಟರಲ್ಲಿ ಮತ್ತೆ ತೆಳ್ಳಗಾಗಿತ್ತು. ನನ್ನ ರೆಸಿಪಿ ತಪ್ಪಾ, ಅವರ ಕೆಲಸ ತಪ್ಪಾ? ಮುಂದೆ ಸೂಪ್ ಪುಡಿ ತರುವ ಆಸೆಯೂ ಇದೆ. ಈಗಲೇ ಹೆದರಿಕೆ ಶುರುವಾಗಿದೆ.

ಉತ್ಪನ್ನ ವಿಭಾಗದಲ್ಲಿ 16 ವರ್ಷ

ಇಬ್ಬರದೂ ತಪ್ಪಿಲ್ಲ. ನೂರರಿಂದ ಗುಣಿಸಿದಾಗ ಟೊಮೆಟೊ, ಉಪ್ಪು, ಸಕ್ಕರೆ ನೂರು ಪಟ್ಟಾದವು. ಬಿಸಿ ತಾಗುವ ಜಾಗ ಆಗಲಿಲ್ಲ. ಒಂದೇ ಆಕಾರದ ಪಾತ್ರೆ ನೂರು ಪಟ್ಟು ಹಿಡಿಯುವಷ್ಟು ದೊಡ್ಡದಾದರೆ ಅದರ ಮೇಲ್ಮೈ ಸುಮಾರು 22 ಪಟ್ಟು ಮಾತ್ರ ಹೆಚ್ಚುತ್ತದೆ. ಅಂದರೆ ಪ್ರತಿ ಕಿಲೋ ಸಾಸ್‌ಗೆ ಮೊದಲು ಸಿಗುತ್ತಿದ್ದ ಬಿಸಿ ಮೈಯಲ್ಲಿ ಐದರಲ್ಲೊಂದು ಪಾಲು ಉಳಿಯಿತು. ಆವಿ ಹೋಗುವ ಬಾಯಿಯ ಕಥೆಯೂ ಅದೇ. ಸ್ಟೀಮ್ ಜೋರಾಗಿ ಕೊಟ್ಟರೆ ಸ್ವಲ್ಪ ಸರಿಹೋಗುತ್ತದೆ, ಪೂರ್ತಿ ಆಗುವುದಿಲ್ಲ.

ಹಾಗಾಗಿ ದೊಡ್ಡ ಬ್ಯಾಚ್‌ನಲ್ಲಿ ಎಲ್ಲಕ್ಕೂ ಹೊತ್ತು ಜಾಸ್ತಿ. ಕಾಯಲು, ಕುದಿಯಲು, ತುಂಬಲು, ಆರಲು. ನಿಮ್ಮ ಮೂರೂ ದೂರು ಹುಟ್ಟಿದ್ದು ಅಲ್ಲೇ.

ಮೊದಲು "40 ನಿಮಿಷ" ಅನ್ನುವುದನ್ನು ಹಾಳೆಯಿಂದ ಅಳಿಸಿ. ಅಲ್ಲಿ ಬ್ರಿಕ್ಸ್, ಅಂದರೆ ಸಾಸ್‌ನಲ್ಲಿ ಕರಗಿದ ಅಂಶದ ಅಳತೆ, ಬರೆಯಿರಿ. ರಿಫ್ರಾಕ್ಟೋಮೀಟರ್ ಅಂತ ಕೈಯಲ್ಲಿ ಹಿಡಿಯುವ ಸಾಧನ ಸಿಗುತ್ತದೆ. ಒಂದು ಹನಿ ಹಾಕಿದರೆ ಕರಗಿದ ಅಂಶ ಎಷ್ಟಿದೆ ಅಂತ ತೋರಿಸುತ್ತದೆ. ನೀವು ಕೈಯಾರೆ ಮಾಡಿದ ನಾಲ್ಕೈದು ಬ್ಯಾಚ್ ಅಳೆಯಿರಿ. 29ರಿಂದ 31 ಬಂತು ಅನ್ನಿ, ಫ್ಯಾಕ್ಟರಿಯವರಿಗೆ ಕೊಡಬೇಕಾದ ಗುರಿ ಅದೇ. ಎಷ್ಟು ಹೊತ್ತು ಹಿಡಿಯುತ್ತದೋ ಅದು ಕೆಟಲ್‌ಗೆ ಬಿಟ್ಟದ್ದು. ನೆನಪಿಡಿ, ಒಂದೇ ಅಂಕಿ ಕೊಡಬೇಡಿ, ಕನಿಷ್ಠ ಗರಿಷ್ಠ ಎರಡೂ ಕೊಡಿ. ಒಂದೇ ಅಂಕಿಯನ್ನು ಯಾರೂ ಪ್ರತಿ ಸಲ ಮುಟ್ಟಲಾರರು. ಆಮೇಲೆ ಯಾರೂ ಹಾಳೆ ನೋಡುವುದೇ ಇಲ್ಲ.

ಆಮೇಲೆ, ಕೊನೆಗೆ ಆವಿ ಮಾಡಬೇಕಾದ ನೀರನ್ನು ಮೊದಲಿಗೆ ಹಾಕುವುದೇ ಯಾಕೆ? ಹಸಿ ಟೊಮೆಟೊ ಬಿಟ್ಟು ಪೇಸ್ಟ್ ಬಳಸಿ ನೋಡಿ. 28-30 ಬ್ರಿಕ್ಸ್‌ನದು, 36-38 ಬ್ರಿಕ್ಸ್‌ನದು ಸಿಗುತ್ತದೆ. ಕುದಿಸುವ ಹೊತ್ತು ಅರ್ಧಕ್ಕಿಂತ ಕಡಿಮೆಯಾಗಬಹುದು, ಬಣ್ಣವೂ ಉಳಿಯುತ್ತದೆ. ರುಚಿ ಸ್ವಲ್ಪ ಬದಲಾಗುತ್ತದೆ, ಸುಳ್ಳು ಹೇಳುವುದಿಲ್ಲ. ಗಿರಾಕಿಗೆ ಆ ವ್ಯತ್ಯಾಸ ಗೊತ್ತಾಗುತ್ತದಾ ಅಂತ ಪರೀಕ್ಷೆ ಮಾಡಿ. ಮೂರು ಬಟ್ಟಲು ಇಡಿ, ಎರಡರಲ್ಲಿ ಒಂದೇ ಸಾಸ್, ಒಂದರಲ್ಲಿ ಬೇರೆ. ಬೇರೆಯದು ಯಾವುದು ಅಂತ ಕೇಳಿ. ಸುಮ್ನೆ ಊಹಿಸಿದರೂ ಮೂವರಲ್ಲಿ ಒಬ್ಬರು ಸರಿ ಹೇಳುತ್ತಾರೆ. ಅದಕ್ಕಿಂತ ತುಂಬಾ ಜಾಸ್ತಿ ಜನ ಹಿಡಿದರೆ ಮಾತ್ರ ತಲೆ ಕೆಡಿಸಿಕೊಳ್ಳಿ. ನಾಲ್ಕು ಜನರನ್ನು ಕೇಳಿ ಬಿಡಬೇಡಿ, ಮೂವತ್ತು ಜನರಾದರೂ ಬೇಕು.

ತೆಳ್ಳಗಾಗಿದ್ದು ಯಾಕೆ ಅಂತ ಹೇಳಲು ಒಂದು ಮಾತು ಗೊತ್ತಾಗಬೇಕು. ಗಟ್ಟಿಯಾಗಲು ಕಾರ್ನ್ ಫ್ಲೋರ್ ಹಾಕುತ್ತೀರಾ?

ಕೇಳಿದವರು

ಹೌದು ಸರ್. ಶುರುವಿನಲ್ಲೇ, ವಿನೆಗರ್ ಜೊತೆಗೆ.

ಉತ್ಪನ್ನ ವಿಭಾಗದಲ್ಲಿ 16 ವರ್ಷ

ಸಿಕ್ಕಿತು. ಪಿಷ್ಟದ ಕಣ ನೀರು ಕುಡಿದು ಉಬ್ಬಿದಾಗಲೇ ಸಾಸ್ ಗಟ್ಟಿ. ಆ ಉಬ್ಬಿದ ಕಣ ಬಲು ಮೆತ್ತಗಿನದು. ಹುಳಿಯಲ್ಲಿ ಎರಡು ಗಂಟೆ ಕುದಿಸಿದರೆ ಪಿಷ್ಟವೇ ತುಂಡಾಗುತ್ತದೆ. ಉಳಿದದ್ದನ್ನು ಕಲಕುವ ಬ್ಲೇಡು ಮತ್ತು ಪಂಪು ಒಡೆಯುತ್ತವೆ. ಎರಡು ದಾರಿ ಇದೆ. ವಿನೆಗರ್ ಮತ್ತು ಮಸಾಲೆಯನ್ನು ಕೊನೆಯ ಹತ್ತು ನಿಮಿಷಕ್ಕೆ ಹಾಕುವುದು, ಅಥವಾ ಹುಳಿ, ಶಾಖ, ತಿಕ್ಕಾಟ ತಡೆಯುವ ಮಾರ್ಪಡಿಸಿದ ಪಿಷ್ಟ ಹಾಕುವುದು. ಕ್ಸಾಂಥನ್ ಗಮ್ ಕೂಡ ಆಗುತ್ತದೆ. ಆದರೆ ಅದನ್ನು ನೇರ ನೀರಿಗೆ ಸುರಿದರೆ ಒಳಗೆ ಒಣಗಿದ ಗಂಟುಗಳು ಕಟ್ಟುತ್ತವೆ. ಎಷ್ಟು ಕಲಕಿದರೂ ಕರಗುವುದಿಲ್ಲ. ಹತ್ತು ಪಾಲು ಸಕ್ಕರೆಯಲ್ಲಿ ಒಣದಾಗಿಯೇ ಬೆರೆಸಿ ನಿಧಾನ ಉದುರಿಸಿ. ಒಂದು ಸಲ ನಾನು 300 ಕಿಲೋ ಗಂಟು ಸಾಸ್ ಚರಂಡಿಗೆ ಬಿಟ್ಟು ಕಲಿತ ಪಾಠ ಇದು.

ಒಂದು ಎಚ್ಚರಿಕೆ. ಪದಾರ್ಥ ಹಾಕುವ ಕ್ರಮ ಬದಲಿಸಿದಾಗಲೆಲ್ಲ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಮತ್ತೆ ಅಳೆಯಲೇಬೇಕು. ಬೊಟ್ಯುಲಿಸಂ ತರುವ ಬ್ಯಾಕ್ಟೀರಿಯಾ 4.6ಕ್ಕಿಂತ ಕೆಳಗಿನ ಪಿಎಚ್‌ನಲ್ಲಿ ಬೆಳೆಯುವುದಿಲ್ಲ. ಟೊಮೆಟೊ ಆ ಗೆರೆಯ ಹತ್ತಿರವೇ ಇರುತ್ತದೆ, ಚೆನ್ನಾಗಿ ಹಣ್ಣಾದದ್ದು ದಾಟಲೂಬಹುದು. ನಾನು 4ರ ಕೆಳಗೇ ಇಡುತ್ತೇನೆ. ಮೀಟರನ್ನು ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ, ಅಂದರೆ 4 ಮತ್ತು 7ರ ಬಫರ್‌ನಲ್ಲಿ ಸರಿಮಾಡಿಕೊಂಡು, ತಣಿದ ಸಾಸ್‌ನಲ್ಲಿ ಅಳೆಯಿರಿ. ಈ ಒಂದು ವಿಷಯದಲ್ಲಿ "ನೋಡಿದರೆ ಗೊತ್ತಾಗುತ್ತದೆ" ಅನ್ನುವುದು ನಡೆಯುವುದಿಲ್ಲ.

ಲೈನ್ ಸೂಪರ್‌ವೈಸರ್

ನಾನು ಲ್ಯಾಬಿನವನಲ್ಲ, ಶೆಡ್‌ನವನು. ಬಾಟಲಿ ತುಂಬಿದ ಮೇಲೆ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಒಮ್ಮೆ ಸಾಸ್ ಬಿಸಿ ಇರುವಾಗಲೇ ರಟ್ಟಿನ ಡಬ್ಬಿಗೆ ತುಂಬಿ, ಪ್ಯಾಲೆಟ್ ಕಟ್ಟಿ, ಪ್ಲಾಸ್ಟಿಕ್ ಸುತ್ತಿ ಇಟ್ಟೆವು. ಮಾರನೆ ದಿನವೂ ನಡುವಿನ ಡಬ್ಬಿ ಕೈಗೆ ಬೆಚ್ಚಗಿತ್ತು. ವಾರ ಬಿಟ್ಟು ಬಿಚ್ಚಿದರೆ ಅಂಚಿನ ಬಾಟಲಿ ಕೆಂಪು, ನಡುವಿನದು ಇಟ್ಟಿಗೆ ಬಣ್ಣ. ಅದೇ ಬ್ಯಾಚ್, ಅದೇ ಸಾಸ್. ಬಾಟಲಿಯನ್ನು 40 ಡಿಗ್ರಿ ಹತ್ತಿರ ತಣಿಸಿಯೇ ಡಬ್ಬಿಗೆ ಹಾಕಿ. ಗಾಜಾದರೆ ಹಂತಹಂತವಾಗಿ ತಣಿಸಿ, ಒಮ್ಮೆಲೇ ತಣ್ಣೀರು ಬಿದ್ದರೆ ಸೀಳುತ್ತದೆ.

ಇನ್ನೊಂದು ಲೆಕ್ಕ. 200 ಗ್ರಾಂ ಬಾಟಲಿಗೆ 4 ಗ್ರಾಂ ಹೆಚ್ಚು ಬಿದ್ದರೆ 500 ಕಿಲೋಗೆ ಸುಮಾರು 50 ಬಾಟಲಿ ಕಡಿಮೆ. ಪೈಪಿನಲ್ಲಿ ಉಳಿಯುವ ಸಾಸ್ ಬೇರೆ. ನಿಮ್ಮ ಲಾಭದ ಲೆಕ್ಕದಲ್ಲಿ ಇವೆರಡು ಇವೆಯಾ ನೋಡಿಕೊಳ್ಳಿ.

ಪ್ಯಾಕಿಂಗ್ ಕಡೆಯವಳು

ಸೂಪ್ ಪುಡಿ ಅಂದರಲ್ಲ, ಅದರ ತಲೆನೋವು ಪೂರ್ತಿ ಬೇರೆ. ಮಿಕ್ಸರ್‌ನಲ್ಲಿ ಚೆನ್ನಾಗಿ ಬೆರೆತದ್ದು ಪೊಟ್ಟಣ ತುಂಬುವ ಯಂತ್ರದ ತೊಟ್ಟಿಗೆ, ಅಂದರೆ ಹಾಪರ್‌ಗೆ ಬಿದ್ದು ಅಲುಗುವಾಗ ಬೇರೆಯಾಗುತ್ತದೆ. ದಪ್ಪ ಕಣ ಮೇಲಕ್ಕೆ, ಸಣ್ಣದು ಕೆಳಕ್ಕೆ. ಮೊದಲ ಪೊಟ್ಟಣ ಉಪ್ಪುಪ್ಪು, ಕೊನೆಯದು ಬರೀ ತರಕಾರಿ ಚೂರು. ಎಲ್ಲ ಪದಾರ್ಥದ ಕಣದ ಗಾತ್ರ ಹತ್ತಿರಹತ್ತಿರ ಇರಲಿ. ಆಗದಿದ್ದರೆ ಚೂರನ್ನು ಬೇರೆ ಫಿಲ್ಲರ್‌ನಿಂದ ಹಾಕಿಸಿ.

ಪುಡಿಯ ದೂಳು ಪೊಟ್ಟಣದ ಬಾಯಿಗೆ ಕೂತರೆ ಸೀಲ್ ಹಿಡಿಯುವುದಿಲ್ಲ. ಕಣ್ಣಿಗೆ ಸರಿ ಕಾಣುತ್ತದೆ, ತಿಂಗಳಲ್ಲಿ ಪುಡಿ ಕಲ್ಲಾಗುತ್ತದೆ. ಗಂಟೆಗೊಮ್ಮೆ ನಾಲ್ಕು ಪೊಟ್ಟಣವನ್ನು ನೀರಿನೊಳಗೆ ನಿರ್ವಾತದಲ್ಲಿ ಇಟ್ಟು ಗುಳ್ಳೆ ಬರುತ್ತದಾ ನೋಡುತ್ತೇವೆ. ಎಣ್ಣೆ ಅಂಶ ಇದ್ದರೆ ತೇವದ ಜೊತೆ ಆಮ್ಲಜನಕವನ್ನೂ ತಡೆಯುವ ಫಿಲ್ಮ್ ಬೇಕು. ಅಲ್ಯೂಮಿನಿಯಂ ಪದರ ಎರಡನ್ನೂ ತಡೆಯುತ್ತದೆ. ಬರೀ ಪಾಲಿಥಿನ್ ತೇವ ತಡೆಯುತ್ತದೆ, ಆಮ್ಲಜನಕವನ್ನು ಆರಾಮಾಗಿ ಒಳಗೆ ಬಿಡುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ರೆಸಿಪಿಯನ್ನು ಬೈಯುತ್ತಾರೆ.

ಬಾಳಿಕೆಯ ಬಗ್ಗೆ ಯಾರೋ ನಿಮಗೆ 50 ಡಿಗ್ರಿಯಲ್ಲಿ ಒಂದು ತಿಂಗಳು ಇಟ್ಟು ನೋಡಿದರೆ ಸಾಕು, ಎಷ್ಟು ತಿಂಗಳು ಬಾಳುತ್ತದೆ ಅಂತ ಗೊತ್ತಾಗುತ್ತದೆ ಅನ್ನುತ್ತಾರೆ. ನಂಬಬೇಡಿ.

ಉತ್ಪನ್ನ ವಿಭಾಗದಲ್ಲಿ 16 ವರ್ಷ

ಆ ಮಾತಿಗೆ ನನ್ನದು ಅರ್ಧ ಒಪ್ಪಿಗೆ, ಮೇಡಂ. 10 ಡಿಗ್ರಿ ಏರಿಸಿದರೆ ಕೆಡುವ ವೇಗ ಸುಮಾರು ಎರಡು ಪಟ್ಟು ಅಂತ ಒಂದು ಅಂದಾಜು ಇದೆಯಲ್ಲ, 35-40 ಡಿಗ್ರಿವರೆಗೆ ಅದು ನನಗೆ ಕೆಲಸಕ್ಕೆ ಬಂದಿದೆ.

ಪ್ಯಾಕಿಂಗ್ ಕಡೆಯವಳು

ಸಾಸ್‌ಗೆ ಇರಬಹುದು ಸರ್. ಪುಡಿಯಲ್ಲಿ ಗಟ್ಟಿ ಕೊಬ್ಬು ಇದ್ದರೆ ಅಷ್ಟರಲ್ಲೇ ಕರಗುತ್ತದೆ. ಆಮೇಲೆ ನೀವು ಅಳೆಯುವುದು ಅಂಗಡಿಯಲ್ಲಿ ಎಂದೂ ಆಗದ ಕೆಡುವಿಕೆ. ಬಿಸಿಯಲ್ಲಿ ಇಡಿ, ಬೇಡ ಅನ್ನಲ್ಲ. ಜೊತೆಗೆ ಅದೇ ಬ್ಯಾಚನ್ನು ಮಾಮೂಲಿ ಕೋಣೆಯಲ್ಲೂ ಇಟ್ಟು ಕೊನೆಯವರೆಗೆ ಕಾಯಿರಿ.

ಕೇಳಿದವರು

ಆರು ವಾರದ ಮೇಲೆ ಬರೆಯುತ್ತಿದ್ದೇನೆ. ಮೊದಲು 50 ಕಿಲೋ, ಆಮೇಲೆ 500. ಪೇಸ್ಟ್, ಬ್ರಿಕ್ಸ್, ವಿನೆಗರ್ ಕೊನೆಗೆ. ಪಿಎಚ್ 3.8. ಕೆಟಲ್‌ನಲ್ಲಿ 35 ನಿಮಿಷಕ್ಕೆ ಮುಗಿಯಿತು. ಮೂರು ಬಟ್ಟಲಿನ ಪರೀಕ್ಷೆಯಲ್ಲಿ 36 ಜನರಲ್ಲಿ 13 ಜನ ಮಾತ್ರ ಸರಿ ಹೇಳಿದರು. ಆ ದಿನ ನಿಜಕ್ಕೂ ಕುಣಿದೆ. ಬಾಟಲಿಗಳನ್ನು ತಣಿಸಿಯೇ ಡಬ್ಬಿಗೆ ಹಾಕಿಸಿದೆ. ಆದರೂ ಕೊನೆಯ ನಾನೂರು ಬಾಟಲಿ ಬೇರೆಯವಕ್ಕಿಂತ ಒಂಚೂರು ಕಪ್ಪು. ಯಾಕಿರಬಹುದು?

ಲೈನ್ ಸೂಪರ್‌ವೈಸರ್

ತುಂಬಲು ಎಷ್ಟು ಹೊತ್ತು ಹಿಡಿಯಿತು?

ಕೇಳಿದವರು

ಮೂರು ಗಂಟೆ ಚಿಲ್ಲರೆ.

ಲೈನ್ ಸೂಪರ್‌ವೈಸರ್

ಹಾಗಾದರೆ ಕೊನೆಯ ಸಾಸ್ ಬಿಸಿ ಟ್ಯಾಂಕಿನಲ್ಲಿ ಮೂರು ಗಂಟೆ ಕೂತಿತ್ತು. 250ರ ಎರಡು ಬ್ಯಾಚ್ ಮಾಡಿಸಿ. ಮೊದಲನೆಯದು ತುಂಬಿ ಮುಗಿಯುವ ಹೊತ್ತಿಗೆ ಎರಡನೆಯದು ಕೆಟಲ್‌ನಿಂದ ಇಳಿಯಬೇಕು. ಅವರು ಕೆಟಲ್ ಎರಡು ಸಲ ಕಾಯಿಸಬೇಕು ಅಂತ ಗೊಣಗುತ್ತಾರೆ, ಗೊಣಗಲಿ.