ಹಾಕಿ ವಿಶ್ವಕಪ್: ಎಷ್ಟು ಆಸೆ ಇಟ್ಟುಕೊಳ್ಳೋದು?

ಶಿವಮೊಗ್ಗದಿಂದ:
ನಮಸ್ಕಾರ. ನನ್ನ ಮಗ ಏಳನೇ ಕ್ಲಾಸು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಕಂಚು ಗೆದ್ದಾಗಿನಿಂದ ಹಾಕಿ ಹುಚ್ಚು ಹಿಡಿದಿದೆ. 2026ರ ಆಗಸ್ಟ್ 15ರಿಂದ 30ರವರೆಗೆ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ವಿಶ್ವಕಪ್ ಇದೆಯಲ್ಲ, ಅದಕ್ಕೆ ಈಗಲೇ ರೂಮಿನ ಗೋಡೆ ಮೇಲೆ "ಈ ಸಲ ಕಪ್ ನಮ್ದೇ" ಅಂತ ಬರೆದಿಟ್ಟಿದ್ದಾನೆ. ಆರ್‌ಸಿಬಿ ಸೋತರೆ ಊಟ ಬಿಡೋ ಹುಡುಗ. ನನಗೆ ಹಾಕಿ ಅಷ್ಟಾಗಿ ತಿಳಿಯಲ್ಲ. ನಿಜಕ್ಕೂ ಚಾನ್ಸ್ ಇದೆಯಾ? ವರ್ಷಗಟ್ಟಲೆ ನೋಡಿದವರು ಅವನ ಜೊತೆ ಹೇಗೆ ನೋಡೋದು ಅಂತ ಹೇಳಿ.

ಗೋಣಿಕೊಪ್ಪದಿಂದ:
ಅಕ್ಕಾ, ಚಾನ್ಸ್ ಇದೆ. ಆದರೆ ಕಪ್ಪಿನಿಂದ ಶುರು ಮಾಡಬೇಡಿ, ಸೆಮಿಫೈನಲ್‌ನಿಂದ ಶುರು ಮಾಡಿ. ಒಲಿಂಪಿಕ್ಸ್‌ನ ಎಂಟು ಚಿನ್ನ ಎಲ್ಲರ ಬಾಯಲ್ಲೂ ಇರುತ್ತೆ, ವಿಶ್ವಕಪ್ ಕಥೆಯೇ ಬೇರೆ. ಗೆದ್ದದ್ದು ಒಂದೇ ಸಲ, 1975ರಲ್ಲಿ ಕ್ವಾಲಾಲಂಪುರದಲ್ಲಿ, ಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ 2-1. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು, ಹಾಗಾಗಿ ನಮ್ಮ ಕಡೆ ಆ ಮ್ಯಾಚ್ ಮಾತು ಇನ್ನೂ ಹಳೇದಾಗಿಲ್ಲ. ಅದಾದ ಮೇಲೆ ನಾವು ವಿಶ್ವಕಪ್‌ನ ಸೆಮಿಫೈನಲ್ ಕೂಡ ಆಡಿಲ್ಲ. ಈಗ ಹೇಳಿ, ಸೆಮಿಫೈನಲ್ ಅಂದರೆ ಸಣ್ಣ ಆಸೆನಾ?

ಇನ್ನೊಂದು ಮಾತು. ಹುಡುಗನಿಗೆ ಸ್ಕೋರ್ ಬಿಟ್ಟು ನೋಡೋಕೆ ಬೇರೆ ಏನಾದರೂ ಕೊಡಿ. ನಾನು ನನ್ನ ತಂಗಿ ಮಗನಿಗೆ ಪೆನಾಲ್ಟಿ ಕಾರ್ನರ್ ಹೇಳಿಕೊಟ್ಟೆ. ಒಬ್ಬ ಗೋಲ್ ಪಕ್ಕದ ಗೆರೆಯಿಂದ ಚೆಂಡು ತಳ್ಳುತ್ತಾನೆ, ಡಿ (ಗೋಲ್ ಮುಂದಿನ ಅರ್ಧ ವೃತ್ತ) ಹೊರಗೆ ಇನ್ನೊಬ್ಬ ನಿಲ್ಲಿಸುತ್ತಾನೆ, ನಮ್ಮ ಹರ್ಮನ್‌ಪ್ರೀತ್ ಪೂರ್ತಿ ಬಗ್ಗಿ ಚೆಂಡನ್ನು ಸ್ಟಿಕ್ಕಿನಲ್ಲೇ ಎಳೆದು ಎಸೆಯುತ್ತಾನೆ, ಎಲ್ಲಾ ಕಣ್ಣು ಮಿಟುಕಿಸೋದರಲ್ಲಿ ಮುಗಿದಿರುತ್ತೆ. ತಡೆಯೋಕೆ ಗೋಲ್ ಕೀಪರ್ ಸೇರಿ ಐದೇ ಜನ. ಎದುರಾಳಿಗೆ ಕಾರ್ನರ್ ಸಿಕ್ಕಾಗ ನಮ್ಮ ಕಡೆಯಿಂದ ಮೊದಲು ಓಡೋನನ್ನು ನೋಡೋಕೆ ಹೇಳಿ. ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಚೆಂಡು ಬರೋ ದಾರಿಗೇ ಅಡ್ಡ ನುಗ್ಗೋ ಕೆಲಸ ಅದು. ಅಮಿತ್ ರೋಹಿದಾಸ್ ಅದನ್ನು ವರ್ಷಗಟ್ಟಲೆ ಮಾಡಿದ್ದಾನೆ. ಗೋಲ್ ಹಾಕಿದವನ ಹೆಸರು ಪೇಪರಲ್ಲಿ ಬರುತ್ತೆ, ಇವನದ್ದು ಬರಲ್ಲ. ಇದೆಲ್ಲ ಗೊತ್ತಾದ ಮೇಲೆ ತಂಗಿ ಮಗ ಸೋತ ಮ್ಯಾಚನ್ನೂ ಕೂತು ಮಾತಾಡ್ತಾನೆ, ಸುಮ್ನೆ ಮುಖ ಊದಿಸಿಕೊಂಡು ಮಲಗಲ್ಲ.

ಧಾರವಾಡದಿಂದ:
ನಾನಂತೂ ಆಸೆನೇ ಇಟ್ಟುಕೊಳ್ಳಲ್ಲ ನೋಡ್ರಿ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಕ್ವಾಲಿಫೈ ಕೂಡ ಆಗಲಿಲ್ಲ. 2012ರಲ್ಲಿ ಲಂಡನ್‌ಗೆ ಹೋಗಿ ಹನ್ನೆರಡು ತಂಡದಲ್ಲಿ ಹನ್ನೆರಡನೇದು. ಇದನ್ನೆಲ್ಲ ನೋಡಿದವರಿಗೆ ಕಂಚೂ ಬೋನಸ್ಸೇ.

ಬೆಂಗಳೂರಿನಿಂದ:
2023ರ ವಿಶ್ವಕಪ್ ನೋಡೋಕೆ ನಾನು ಭುವನೇಶ್ವರಕ್ಕೆ ಹೋಗಿದ್ದೆ. ನ್ಯೂಜಿಲೆಂಡ್ ಮ್ಯಾಚಿನ ದಿನ ಕಳಿಂಗ ಸ್ಟೇಡಿಯಂನಲ್ಲಿ ಪಕ್ಕದವನ ಮಾತೂ ಕೇಳ್ತಿರಲಿಲ್ಲ. 2-0 ಮುಂದಿದ್ದೆವು, ಆಮೇಲೆ 3-1. ಮುಗಿದಾಗ 3-3. ಶೂಟೌಟ್‌ನಲ್ಲಿ (ಒಬ್ಬೊಬ್ಬರೇ ಗೋಲ್ ಕೀಪರ್ ಎದುರು ಚೆಂಡು ಒಯ್ದು ಗೋಲ್ ಹಾಕೋದು) ನಮ್ಮ ಗೋಲ್ ಕೀಪರ್ ಶ್ರೀಜೇಶ್‌ಗೆ ಪೆಟ್ಟಾಗಿ ಇನ್ನೊಬ್ಬ ಕೀಪರ್ ಪಾಠಕ್ ಒಳಗೆ ಬಂದ, ಒಂದು ಸುತ್ತಿನಲ್ಲಿ ಹಿಂದೆ ಬಿದ್ದವರು ಸೋಲೋ ಸಡನ್ ಡೆತ್‌ವರೆಗೂ ಹೋಯ್ತು, ಕೊನೆಗೆ 4-5. ಕ್ವಾರ್ಟರ್‌ಫೈನಲ್ಲೂ ಇಲ್ಲ. ಇಡೀ ಸ್ಟೇಡಿಯಂ ಬಾಯಿ ಮುಚ್ಚಿಕೊಂಡು ಬಸ್ ಸ್ಟಾಪ್ ಕಡೆ ನಡೀತು.

ಎಲ್ಲರೂ ಶೂಟೌಟನ್ನೇ ಬೈತಾರೆ, ನನ್ನ ಪ್ರಕಾರ ಎಡವಿದ್ದು ಅದಕ್ಕೂ ಮೊದಲೇ. ಗುಂಪಿನಲ್ಲಿ ಇಂಗ್ಲೆಂಡ್‌ಗೂ ನಮಗೂ ಪಾಯಿಂಟ್ ಸಮ, ಗೋಲಿನ ಲೆಕ್ಕದಲ್ಲಿ ಅವರು ಮೇಲೆ. ನೇರ ಕ್ವಾರ್ಟರ್‌ಫೈನಲ್ ಬೇಕಿದ್ದರೆ ವೇಲ್ಸ್ ಮೇಲೆ ಎಂಟು ಗೋಲ್ ಅಂತರದಲ್ಲಿ ಗೆಲ್ಲಬೇಕಿತ್ತು, ಗೆದ್ದದ್ದು 4-2. ಅದಕ್ಕೇ ನ್ಯೂಜಿಲೆಂಡ್ ಜೊತೆ ಆ ಎಕ್ಸ್‌ಟ್ರಾ ಮ್ಯಾಚ್ ಬಂದು ಕೊರಳಿಗೆ ಬಿತ್ತು. ಸಣ್ಣ ತಂಡದ ಮೇಲೆ 2-0 ಆಯ್ತು ಅಂತ ಟಿವಿ ಆಫ್ ಮಾಡಬೇಡಿ. ಅಂಥ ಮ್ಯಾಚಲ್ಲಿ ಮೂರನೇ, ನಾಲ್ಕನೇ ಗೋಲಿಗೆ ನಮ್ಮವರು ಎಷ್ಟು ಹಸಿದಿದ್ದಾರೆ ಅಂತ ನೋಡಿದರೆ ಮುಂದಿನದ್ದು ಅಂದಾಜಾಗುತ್ತೆ.

ಗೋಣಿಕೊಪ್ಪದಿಂದ:
ಧಾರವಾಡದ ಅಣ್ಣ, ಲಂಡನ್ ಮರೆಯೋಕೆ ಆಗಲ್ಲ, ಒಪ್ಪಿದೆ. ಆದರೆ ಪ್ಯಾರಿಸ್ ಕ್ವಾರ್ಟರ್‌ಫೈನಲ್ ನೋಡಿದ್ರಲ್ವಾ? ರೋಹಿದಾಸ್‌ಗೆ ರೆಡ್ ಕಾರ್ಡ್, ಸುಮಾರು 42 ನಿಮಿಷ ಹತ್ತೇ ಜನ, ಎದುರಿಗೆ ಗ್ರೇಟ್ ಬ್ರಿಟನ್. 1-1ರಲ್ಲಿ ನಿಲ್ಲಿಸಿ ಶೂಟೌಟ್ 4-2. ಲಂಡನ್‌ಗೆ ಹೋದ ತಂಡ ಅಲ್ಲ ಇದು. ನನ್ನ ಚಿಂತೆ ಒಂದೇ, ಆವತ್ತು ಗೋಲಲ್ಲಿ ಶ್ರೀಜೇಶ್ ಇದ್ದ, ಪ್ಯಾರಿಸ್ ಮುಗಿಸಿ ಅವನು ಆಟ ಬಿಟ್ಟ.

ಮೈಸೂರಿನಿಂದ:
ಮೇಡಂ, ಹೆಂಗಸರ ವಿಶ್ವಕಪ್ಪೂ ಅದೇ ದಿನಗಳಲ್ಲಿ, ಅದೇ ಊರುಗಳಲ್ಲಿ ಇದೆ, ಯಾರೂ ಹೇಳಲೇ ಇಲ್ಲ. ಆಸೆ ಬಿಡಬಾರದು ಅಂತ ಮಗನಿಗೆ ಹೇಳಬೇಕಿದ್ದರೆ ಟೋಕಿಯೋ ಒಲಿಂಪಿಕ್ಸ್‌ನ ನಮ್ಮ ಹೆಣ್ಮಕ್ಕಳ ತಂಡದ ಮ್ಯಾಚ್‌ಗಳನ್ನು ಹುಡುಕಿ ತೋರಿಸಿ. ಮೊದಲ ಮೂರೂ ಸೋಲು. ಆಮೇಲೆ ಐರ್ಲೆಂಡ್ ಮೇಲೆ 1-0, ವಂದನಾ ಕಟಾರಿಯಾ ಹ್ಯಾಟ್ರಿಕ್‌ನಿಂದ ದಕ್ಷಿಣ ಆಫ್ರಿಕಾ ಮೇಲೆ 4-3, ಕ್ವಾರ್ಟರ್‌ಫೈನಲ್‌ನಲ್ಲಿ ಗುರ್ಜಿತ್ ಕೌರ್ ಒಂದೇ ಗೋಲಿನಿಂದ ಆಸ್ಟ್ರೇಲಿಯಾ ಮನೆಗೆ. ಕಂಚು 3-4ರಲ್ಲಿ ತಪ್ಪಿತು. ನಮ್ಮ ಮನೇಲಿ ಆವತ್ತು ಅತ್ತದ್ದು ನನ್ನ ಮಾವನವರು, ಮಕ್ಕಳಲ್ಲ.

ಆಮ್‌ಸ್ಟೆಲ್‌ವೇನ್‌ನಿಂದ:
ನೆದರ್ಲೆಂಡ್ಸ್‌ನಲ್ಲೇ ಇರೋದರಿಂದ ಹೇಳ್ತೀನಿ. ಎರಡು ಮೈದಾನಗಳಲ್ಲಿ ಒಂದು ನಮ್ಮೂರಿನ ವಾಗೆನರ್ ಸ್ಟೇಡಿಯಂ, ಕಾಡಿನ ಪಾರ್ಕಿನ ಒಳಗಿದೆ. 1973ರ ಫೈನಲ್‌ನಲ್ಲಿ ನಾವು 2-0 ಮುಂದಿದ್ದು, 2-2 ಆಗಿ, ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಡಚ್ಚರಿಗೆ ಸೋತದ್ದು ಇಲ್ಲೇ. 2025ರ ಜೂನ್‌ನಲ್ಲಿ ಪ್ರೊ ಲೀಗ್‌ಗೆ (ದೊಡ್ಡ ತಂಡಗಳ ಅಂತರರಾಷ್ಟ್ರೀಯ ಲೀಗ್) ಬಂದಾಗಲೂ ಡಚ್ಚರ ಮೇಲೆ 1-2, 2-3, ಎರಡೂ ಕೊನೇ ಹದಿನೈದು ನಿಮಿಷದಲ್ಲಿ ಕೈತಪ್ಪಿದವು. ಆ ಪ್ರವಾಸದಲ್ಲಿ ಸತತ ಏಳು ಸೋಲು, ಹೆಚ್ಚಿನವು ಒಂದೇ ಗೋಲಿನಿಂದ. ಅದೇ ತಂಡ ಸೆಪ್ಟೆಂಬರ್‌ನಲ್ಲಿ ರಾಜ್‌ಗೀರ್‌ನಲ್ಲಿ ಕೊರಿಯಾವನ್ನು 4-1ರಲ್ಲಿ ಸೋಲಿಸಿ ಏಷ್ಯಾ ಕಪ್ ಗೆದ್ದು ಈ ವಿಶ್ವಕಪ್‌ಗೆ ನೇರ ಟಿಕೆಟ್ ತಗೊಂಡಿತು. ಹಾಗಾಗಿ ನಾನು ನೋಡೋದು ಕೊನೇ ಹತ್ತು ನಿಮಿಷ ಮಾತ್ರ ಅಂದರೂ ತಪ್ಪಿಲ್ಲ. ಅಲ್ಲಿ ಚೆಂಡು ಹಿಡಿದುಕೊಂಡು ತಣ್ಣಗೆ ಆಡಿದರೆ ಸೆಮಿಫೈನಲ್ ಖಂಡಿತ ಸಾಧ್ಯ.

ಶಿವಮೊಗ್ಗದಿಂದ:
ಎಲ್ಲರಿಗೂ ಥ್ಯಾಂಕ್ಸ್. ಗೋಡೆ ಮೇಲಿನದ್ದನ್ನು ಅಳಿಸಲ್ಲವಂತೆ, ಕೆಳಗೆ ಸಣ್ಣದಾಗಿ "ಮೊದಲು ಸೆಮಿಫೈನಲ್" ಅಂತ ಸೇರಿಸ್ತಾನಂತೆ. ರಾತ್ರಿ ಮ್ಯಾಚ್ ಎಷ್ಟು ಹೊತ್ತಿಗೆ ಬರುತ್ತೆ ಅಲ್ಲಿಂದ?

ಆಮ್‌ಸ್ಟೆಲ್‌ವೇನ್‌ನಿಂದ:
ಇಲ್ಲಿಯ ಬೇಸಿಗೆಯಲ್ಲಿ, ಆಗಸ್ಟ್‌ನಲ್ಲೂ, ನಿಮಗಿಂತ ಮೂರೂವರೆ ಗಂಟೆ ಹಿಂದೆ ಇರ್ತೀವಿ. ಇಲ್ಲಿ ಸಂಜೆ ಏಳೂವರೆ ಅಂದರೆ ನಿಮಗೆ ರಾತ್ರಿ ಹನ್ನೊಂದು. ಟೂರ್ನಿ ಮುಗಿಯೋದು ಭಾನುವಾರ, ಮಾರನೇ ದಿನದ ಶಾಲೆಗೆ ರಜಾ ಚೀಟಿ ಈಗಲೇ ಬರೆದಿಟ್ಟುಕೊಳ್ಳಿ ಅಕ್ಕಾ.