ಸಹಾಯ ಬೇಕು: ಹಡಗುಗಳ ಎಐಎಸ್ ಸಿಗ್ನಲ್ ದೂರದಿಂದ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸುರತ್ಕಲ್‌ನಲ್ಲಿ, ತಾರಸಿಯಿಂದ ಕಡಲು ಕಾಣುತ್ತದೆ. ಪಣಂಬೂರಿನ ಬಂದರಿಗೆ ಬಂದು ಹೋಗುವ ಹಡಗುಗಳ ಎಐಎಸ್ (ಹಡಗು ತನ್ನ ಗುರುತು, ಸ್ಥಾನವನ್ನು ತಾನೇ ರೇಡಿಯೋದಲ್ಲಿ ಹೇಳುವ ವ್ಯವಸ್ಥೆ) ಸಿಗ್ನಲ್ ಹಿಡಿದು, ಅವುಗಳ ಹೆಸರು, ವೇಗ, ದಿಕ್ಕನ್ನು ಮ್ಯಾಪಿನಲ್ಲಿ ನೋಡಬೇಕೆಂದು ತುಂಬಾ ಆಸೆ.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸುವ ರೇಡಿಯೋ ರಿಸೀವರ್) ಸಿಕ್ಕಿಸಿ, ಸಿಗ್ನಲ್ ಬಿಡಿಸಿ ಓದುವ ಎಐಎಸ್-ಕ್ಯಾಚರ್ ಸಾಫ್ಟ್‌ವೇರ್ ಹಾಕಿದ್ದೇನೆ. ಮೊದಲು ಲಿನಕ್ಸಿನ ಟಿವಿ ಡ್ರೈವರ್ ಡಾಂಗಲನ್ನು ಹಿಡಿದಿಟ್ಟುಕೊಂಡಿತ್ತು. ಆ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿದ (ಲೋಡ್ ಆಗದಂತೆ ತಡೆದ) ಮೇಲೆ ಸರಿಯಾಯಿತು.

ಈಗ ಹತ್ತಿರದಲ್ಲಿ ಲಂಗರು ಹಾಕಿದ ಹಡಗುಗಳು ಮಾತ್ರ ಕಾಣುತ್ತಿವೆ. ಲಂಗರು ಹಾಕಿದ್ದು 3 ನಿಮಿಷಕ್ಕೊಮ್ಮೆ ತನ್ನ ಸ್ಥಾನ ಹೇಳುತ್ತದೆ, ಓಡುವ ದೊಡ್ಡ ಹಡಗು 2ರಿಂದ 10 ಸೆಕೆಂಡಿಗೊಮ್ಮೆ. ಹಾಗಾದರೆ ಓಡುವವೇ ಜಾಸ್ತಿ ಸಿಗಬೇಕು ಅಲ್ವಾ? ದೂರದಲ್ಲಿ ಹೋಗುವುದು ಒಂದೂ ಬರುತ್ತಿಲ್ಲ.

ಆಂಟೆನಾ 162 ಮೆಗಾಹರ್ಟ್ಸ್‌ಗೆ ಲೆಕ್ಕ ಹಾಕಿದ ಕ್ವಾರ್ಟರ್ ವೇವ್ (ತರಂಗದ ಉದ್ದದ ಕಾಲು ಭಾಗ), ಸುಮಾರು 46 ಸೆಂ.ಮೀ. ತಾಮ್ರದ ತಂತಿ. ತಾರಸಿಯಿಂದ ಕೆಳಗಿನ ಕೋಣೆಗೆ 15 ಮೀಟರ್ ಆರ್‌ಜಿ-58 ಎಂಬ ತೆಳು ಆಂಟೆನಾ ಕೇಬಲ್. ನನ್ನ ಅನುಮಾನ ಈ ಕೇಬಲ್ ಮೇಲೆಯೇ. ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು, ನಮ್ಮ ಉಪ್ಪುಗಾಳಿಯ ಕೆಲಸ.

ಆಂಟೆನಾ ಬುಡಕ್ಕೇ ಎಲ್‌ಎನ್‌ಎ (ದುರ್ಬಲ ಸಿಗ್ನಲನ್ನು ಹೆಚ್ಚಿಸುವ ಆಂಪ್ಲಿಫೈಯರ್) ಹಾಕಲಾ, ಇಲ್ಲ ಪೈಯನ್ನೇ ಡಬ್ಬಿಯಲ್ಲಿಟ್ಟು ತಾರಸಿಗೆ ಒಯ್ಯಲಾ? ಇಲ್ಲಿನ ಏಪ್ರಿಲ್ ಬಿಸಿಲನ್ನು ಅದು ತಡೆಯುತ್ತದಾ? ಡಾಂಗಲಿನ ಗೇನ್ (ಸಿಗ್ನಲ್ ಹೆಚ್ಚಿಸುವ ಮಟ್ಟ) ಆಟೋದಲ್ಲಿದೆ, ನೀವು ಎಷ್ಟಕ್ಕೆ ಇಡುತ್ತೀರಿ? ಕನೆಕ್ಟರಿಗೆ ನೀರು ಹೋಗದಂತೆ ಸುತ್ತುವ ಒಳ್ಳೆ ರಬ್ಬರ್ ಟೇಪ್ ಮಂಗಳೂರಲ್ಲಿ ಎಲ್ಲಿ ಸಿಗುತ್ತದೆ? ಮುಖ್ಯವಾಗಿ, ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ ಅರ್ತಿಂಗ್ ಹೇಗೆ ಮಾಡಿದ್ದೀರಿ ಹೇಳಿ. ಮನೆಯಲ್ಲಿ ಅಮ್ಮನಿಗೆ ಅದೇ ಹೆದರಿಕೆ.

ಮಲ್ಪೆ, ಉಳ್ಳಾಲ ಕಡೆ ಯಾರಾದರೂ ಇದನ್ನು ಮಾಡಿದ್ದರೆ ದಯವಿಟ್ಟು ಫೋಟೊ ಹಾಕಿ. ಬಂದು ನೋಡುವುದಕ್ಕೂ ನಾನು ರೆಡಿ.